ಮಂಗಳವಾರ, ಶುಕ್ರವಾರ ದಾರಿ ತಪ್ಪುವ ಚುಕ್ಕೆ

ಮೋಹಾಕ್, ಮಿಷಿಗನ್
ಭಾನುವಾರ, ೮ ಜೂನ್ ೨೦೦೩

ಪ್ರೀತಿಯ ಆರ್ನೆ,

ಮೊದಲು ಮಂಡಿಯ ವಿಷಯ ಹೇಳು. ಡುಲೂತ್‌ನಿಂದ ಫೋನ್ ಮಾಡಿದಾಗ ‘ಪರವಾಗಿಲ್ಲ’ ಅಂದೆ. ನಿನ್ನ ಪರವಾಗಿಲ್ಲಕ್ಕೆ ಎಷ್ಟು ಬಗೆಯ ಅರ್ಥಗಳಿವೆ ಎಂಬುದನ್ನು ಈ ಇಪ್ಪತ್ತೆರಡು ವರ್ಷದಲ್ಲಿ ಕಲಿತಿದ್ದೇನೆ, ಆದ್ದರಿಂದ ಆ ಉತ್ತರ ನನಗೆ ಸಾಲದು. ಹಡಗಿನ ಕಬ್ಬಿಣದ ಏಣಿ ಹತ್ತಿಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೊಸ ಅಡುಗೆಯವನು ಉಪ್ಪಿನ ಕೈಯನ್ನು ಸ್ವಲ್ಪವಾದರೂ ಬಿಗಿ ಮಾಡಿದ್ದಾನೆಯೇ? ನಿನ್ನ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿರಬೇಕು. ಈ ಕಾಗದದ ಜೊತೆಗೇ ಒಂದು ಪೊಟ್ಟಣ ಇಟ್ಟಿದ್ದೇನೆ. ಟಪಾಲು ದೋಣಿಯವರು ಬಕೆಟ್ಟಿನಲ್ಲಿ ಹಾಕಿ ಕಳಿಸುವಾಗ ಹುಷಾರಾಗಿ ಮೇಲಕ್ಕೆ ಎಳೆದುಕೊಳ್ಳಿ. ಹೋದ ವರ್ಷ ನಾನು ಏಲಕ್ಕಿ ಕುಟ್ಟಿ ಹಾಕಿ ಮಾಡಿದ ನಿಸು ಬ್ರೆಡ್ಡು ಡೆಟ್ರಾಯಿಟ್ ನದಿಯ ಮೀನುಗಳ ಪಾಲಾಯಿತಲ್ಲ, ಆ ಸಂಕಟ ನನಗಿನ್ನೂ ಹೋಗಿಲ್ಲ. ನಾನು ಚೆನ್ನಾಗಿದ್ದೇನೆ. ಮಾವನೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಚೆನ್ನಾಗಿಲ್ಲ ಎಂದೂ ಅಲ್ಲ. ಅದನ್ನೇ ಬರೆಯಲು ಕೂತಿದ್ದೇನೆ, ಆದರೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತಿಲ್ಲ. ತಂತಿಯಿಂದಲೇ ಹಿಡಿಯುತ್ತೇನೆ, ಯಾಕೆಂದರೆ ನನ್ನ ಪಾಲಿಗೆ ಎಲ್ಲ ಶುರುವಾದದ್ದು ಆ ತಂತಿಯಿಂದ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಅಡುಗೆಮನೆಯ ಗೋಡೆಯ ಮೇಲಿದೆ, ಅದರ ಕೆಳಗೇ ಮಾವನ ಕುರ್ಚಿ. ಆ ಕಡೆ ನಿನ್ನ ಬೆನ್ನ ಹಿಂದೆ ನಾಲ್ಕು ಜನ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಇದು ಹಾಗೆ ಹೇಳಿ ಮುಗಿಸುವ ಮಾತಲ್ಲ.

ಫೆಬ್ರವರಿಯಲ್ಲಿ ಮಾವ ಮರ ಕಡಿಯುವವರ ಹಳೆಯ ದಾರಿಯಲ್ಲಿ ಪಿಕಪ್ ನುಗ್ಗಿಸಿ, ಹಿಮದಲ್ಲಿ ಹೂತು, ರಸ್ತೆಯ ಹಿಮ ಬಳಿಯುವ ಲಾರಿಯವನ ಕಣ್ಣಿಗೆ ಬೀಳುವವರೆಗೆ ಐದು ಗಂಟೆ ಕೂತಿದ್ದರಲ್ಲ, ಅವತ್ತು ನೀನು ಮಾಡಿದ ತೀರ್ಮಾನ ಇದು. ಪಿಕಪ್ಪಿನಲ್ಲಿರುವ ಹ್ಯಾಮ್ ರೇಡಿಯೋಗೆ ಹೊರಗಿನಿಂದ ಒಂದು ಜಿಪಿಎಸ್ ಜೋಡಿಸುವುದು. ಅದು ಆಕಾಶದ ಉಪಗ್ರಹಗಳನ್ನು ಕೇಳಿಕೊಂಡು ತಾನಿರುವ ಜಾಗ ಕಂಡುಹಿಡಿಯುವುದು. ರೇಡಿಯೋ ಎರಡೆರಡು ನಿಮಿಷಕ್ಕೆ ಅದನ್ನು ಸಾರುವುದು. ಮನೆಯ ಕಂಪ್ಯೂಟರಿನ ನಕ್ಷೆಯ ಮೇಲೆ ಮಾವ ಒಂದು ಕೆಂಪು ಚುಕ್ಕೆಯಾಗಿ ಕಾಣಿಸುವುದು. ನೀನು ವಿವರಿಸುವಾಗ ಎಷ್ಟು ಸುಲಭವಾಗಿತ್ತು. ಮಾವ ಮಾತ್ರ ಕಾಫಿ ಬಟ್ಟಲಿನಿಂದ ತಲೆ ಎತ್ತದೆ, “ಎಪ್ಪತ್ತೇಳು ವರ್ಷಕ್ಕೆ ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಹಸು ಆದೆ ನಾನು” ಅಂದಿದ್ದರು. ಆಮೇಲೆ ನಿನ್ನ ಹಡಗಿನವರು ಎರಡು ವಾರ ಮೊದಲೇ ಕರೆಸಿಕೊಂಡರು. ನೀನು ಚೀಲ ಹೆಗಲಿಗೇರಿಸಿ ಹೊರಟೆ. ಅಡುಗೆಮನೆಯ ಮೇಜಿನ ಮೇಲೆ ಉಳಿದದ್ದು ಸಾಬೂನಿನಷ್ಟು ದಪ್ಪದ ಹಳದಿ ಜಿಪಿಎಸ್, ತುದಿ ಸುಲಿದ ಒಂದು ತಂತಿ, ಒಂದು ಪುಟ್ಟ ಪಿನ್ನು, ಮತ್ತು ನಿನ್ನ ಕೈಬರಹದ ಒಂದು ಪುಟ. ಆ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದರೆ ಮಡಿಕೆಯಲ್ಲಿ ಹರಿದು ಈಗ ಎರಡು ಪುಟವಾಗಿದೆ.

ಆರ್ನೆ, ‘ಜಿಪಿಎಸ್‌ನ ಬಾಯಿಯನ್ನು ರೇಡಿಯೋದ ಕಿವಿಗೆ ಕೊಡು, ಕಪ್ಪನ್ನು ಕಪ್ಪಿಗೆ ಕೊಡು’ ಎಂದು ಬರೆದಿದ್ದೀಯ. ಕಪ್ಪು ಸರಿ. ಉಳಿದ ಎರಡು ಎಳೆಗಳಲ್ಲಿ ಬಾಯಿ ಯಾವುದು, ಕಿವಿ ಯಾವುದು ಎಂದು ಯಾರು ಹೇಳಬೇಕು? ಎರಡರಲ್ಲಿ ಒಂದು ತಾನೆ, ಒಂದು ತಪ್ಪಿದರೆ ಇನ್ನೊಂದು ಎಂದು ಬೆಸುಗೆ ಹಾಕಿದೆ. ಗಂಡಸರ ಕೆಲಸ ಎಂದು ನೀವೆಲ್ಲ ಹೇಳುವ ಬೆಸುಗೆ ನನಗೆ ಒಂದೇ ಮಧ್ಯಾಹ್ನದಲ್ಲಿ ಬಂತು; ಬರದೇ ಹೋದದ್ದು ಉಳಿದದ್ದೆಲ್ಲ. ರೇಡಿಯೋದ ಹಿಂಭಾಗದಲ್ಲಿ ಒಂದೇ ತರಹದ ಎರಡು ತೂತುಗಳಿವೆ. ನಾನು ಚುಚ್ಚಿದ್ದು ಸ್ಪೀಕರಿನದಕ್ಕೆ. ಪೆಟ್ಟಿಗೆ ತಟ್ಟನೆ ಮೂಕವಾಯಿತು. ಸತ್ತೇಹೋಯಿತು ಎಂದು ಗಾಬರಿಯಾಗಿ ಪಿಕಪ್ಪಿನ ಸೀಟಿನ ಮೇಲೆ ಮಂಡಿಯೂರಿ ಕೂತಿದ್ದೆ. ಮಾವ ಕಿಟಕಿಯಲ್ಲಿ ಇಣುಕಿ, “ನಮ್ಮ ಕಾಲದ ರೇಡಿಯೋಗೆ ಎರಡೇ ವಿದ್ಯೆ. ಒತ್ತಿದ್ರೆ ಮಾತಾಡೋದು, ಬಿಟ್ರೆ ಕೇಳೋದು. ಮನುಷ್ಯರಿಗೂ ಅಷ್ಟೇ ಇದ್ರೆ ಸಾಕಿತ್ತು” ಎಂದು ಹೇಳಿ ಹೋದರು. ಸಹಾಯ ಮಾಡಲಿಲ್ಲ. ಐವತ್ತು ವರ್ಷ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕುಟ್ಟಿದ ಮನುಷ್ಯನಿಗೆ ಈ ತಂತಿ ಗೊತ್ತಿಲ್ಲವೆಂದಲ್ಲ, ಗಂಟೆಯನ್ನು ತಾನೇ ಕಟ್ಟಿಕೊಳ್ಳುವುದಿಲ್ಲ ಎಂಬ ಹಟ ಇರಬೇಕು ಎಂದು ನಾನೂ ಬಿಟ್ಟೆ.

ತೂತು ಬದಲಾಯಿಸಿದೆ, ಎಳೆ ಬದಲಾಯಿಸಿದೆ. ಆಗಲೂ ಇಲ್ಲ. ಆಮೇಲೆ ನೋಡಿದರೆ ಜಿಪಿಎಸ್ ತನ್ನ ತವರಿನ ಭಾಷೆಯಲ್ಲಿ ಮಾತಾಡುತ್ತಿದೆ, ರೇಡಿಯೋ ಎಲ್ಲರ ಭಾಷೆಗೆ ಕಾದು ಕೂತಿದೆ. ‘ಎರಡೂ ಒಂದೇ ಭಾಷೆ, ಒಂದೇ ವೇಗ’ ಎಂದು ನೀನು ಬರೆದದ್ದು ಅದನ್ನೇ ಎಂದು ನನಗೆ ಹೊಳೆಯಲು ಒಂದು ವಾರ ಬೇಕಾಯಿತು. ಅಂತೂ ಏಪ್ರಿಲ್ ಕೊನೆಗೆ ರೇಡಿಯೋದ ಮುಖದ ಮೇಲೆ ಜಿಪಿಎಸ್ ಎಂಬ ಮೂರು ಅಕ್ಷರ ಮಿನುಗಿದವು. ನಾನು ಒಲೆಯ ಮುಂದೆ ಒಬ್ಬಳೇ ಕುಣಿದೆ. ಮಾರನೆಯ ದಿನ ಮಾವ ಪಿಕಪ್ ತೆಗೆದುಕೊಂಡು ಹೋದರು, ನಾನು ನಕ್ಷೆ ತೆರೆದು ಕೂತೆ. ಚುಕ್ಕೆ ಮನೆಯ ಮೇಲೇ ಇತ್ತು. ಒಂದು ಗಂಟೆ ಕಳೆಯಿತು, ಇನ್ನೂ ಮನೆಯ ಮೇಲೇ. ಯಾವಾಗ ವಾಪಸ್ ಬಂದರೋ ಎಂದು ಕೋಣೆಯಲ್ಲಿ ನೋಡಿದೆ, ಕೊಟ್ಟಿಗೆಯಲ್ಲಿ ನೋಡಿದೆ, ಹಬೆಸ್ನಾನದ ಸೌನಾದ ಬಾಗಿಲು ತಟ್ಟಿ “ಮಾವ, ಒಳಗಿದ್ದೀರಾ?” ಎಂದು ಕೇಳಿದೆ. ಖಾಲಿ ಸೌನಾಕ್ಕೆ ಬಾಗಿಲು ತಟ್ಟಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹಿಂದೆಂದೋ ನೀನು ನಮ್ಮ ಮನೆಯ ಜಾಗವನ್ನು ರೇಡಿಯೋಗೆ ಕೈಯಿಂದಲೇ ತುಂಬಿಸಿದ್ದೆಯಂತೆ. ಪಕ್ಕದಲ್ಲಿ ಜಿಪಿಎಸ್ ಅರಚಿಕೊಳ್ಳುತ್ತಿದ್ದರೂ ರೇಡಿಯೋ ಹಳೆಯ ಪಾಠವನ್ನೇ ಒಪ್ಪಿಸುತ್ತಿತ್ತು. ಅದನ್ನೂ ಸರಿಮಾಡಿದೆ. ಇಷ್ಟೆಲ್ಲ ಬರೆಯುತ್ತಿರುವುದು ನನ್ನನ್ನು ಹೊಗಳಿಕೊಳ್ಳಲು ಅಲ್ಲ. ಒಂದಲ್ಲ ಮೂರು ಸಲ ತಪ್ಪಿದವಳಿಗೆ ನಾಲ್ಕನೆಯ ಸಲ ಏನೇ ವಿಚಿತ್ರ ಕಂಡರೂ ತಪ್ಪು ತನ್ನದೇ ಅನಿಸುತ್ತದೆ ಎಂದು ನಿನಗೆ ಗೊತ್ತಾಗಲಿ ಎಂದು.

ಯಾಕೆಂದರೆ ಆಮೇಲೆ ಚುಕ್ಕೆ ಓಡಾಡತೊಡಗಿತು. ಅಂಚೆ ಕಚೇರಿ, ಕ್ಯಾಲುಮೆಟ್‌ನ ಕಬ್ಬಿಣದಂಗಡಿ, ಚರ್ಚು, ಎಲ್ಲ ಸರಿ. ಮೇ ಆರನೆಯ ತಾರೀಕು, ಮಂಗಳವಾರ, ಮಾವ ಗಾಳ ಹಿಡಿದು “ಲಾ ಬೆಲ್ ಕೆರೆಗೆ ಹೋಗ್ಬರ್ತೀನಿ” ಎಂದು ಹೊರಟರು. ಲಾ ಬೆಲ್ ನಮಗೆ ಈಶಾನ್ಯಕ್ಕೆ, ಅರ್ಧ ಗಂಟೆಯ ದಾರಿ. ಚುಕ್ಕೆ ದಕ್ಷಿಣಕ್ಕೆ ಹೊರಟಿತು. ಹ್ಯಾನ್ಕಾಕ್ ದಾಟಿತು, ಸೇತುವೆ ದಾಟಿತು, ಕೊಲ್ಲಿಯ ದಂಡೆ ಹಿಡಿದು ಲಾನ್ಸ್ ಊರಿನ ಮೇಲಿನ ಗುಡ್ಡದಲ್ಲಿ ನಿಂತುಬಿಟ್ಟಿತು. ಎರಡು ಗಂಟೆ ಅಲ್ಲೇ. ಸಂಜೆ ಮಾವ ಬಂದರು, ಕೈಯಲ್ಲಿ ಎರಡು ಮೀನು. “ಮೀನು ಸಿಕ್ತಾ ಮಾವ?” ಎಂದು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿದರು. “ಸಿಕ್ತು. ದೊಡ್ಡ ಕೆರೆ, ಏನಾದ್ರೂ ಸಿಕ್ಕೇ ಸಿಗತ್ತೆ” ಅಂದರು. ಮೀನು ಸಿಕ್ಕಿದ ಮೇಲೆ ಕೆರೆಗೆ ಹೋಗಿದ್ದಾರೆ ತಾನೆ? ಕೆರೆಗೆ ಹೋದವರ ಚುಕ್ಕೆ ಎಪ್ಪತ್ತು ಮೈಲಿ ಆಚೆ ಇದ್ದರೆ ಕೆಟ್ಟಿರುವುದು ಚುಕ್ಕೆಯೇ ತಾನೆ? ನಾನು ಚುಕ್ಕೆಯ ಜಾಗ ಬರೆದಿಡುವ ಪುಸ್ತಕ ತೆಗೆದೆ. ಅಕ್ಷಾಂಶದಲ್ಲಿ ನಲವತ್ತೇಳು ಬರಬೇಕಾದಲ್ಲಿ ನಲವತ್ತಾರು ಬಂದಿತ್ತು. ಒಂದೇ ಒಂದು ಅಂಕಿ. ತಂತಿಯ ಬೆಸುಗೆ ಸಡಿಲವಾಗಿ ಏಳು ಉದುರಿ ಆರಾಯಿತು ಎಂದು ನಾನು ನಂಬಿದೆ. ನಗಬೇಡ. ಆ ವಾರ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಶುಕ್ರವಾರ ಮತ್ತೆ ಲಾ ಬೆಲ್ ಅಂದರು, ಮತ್ತೆ ಲಾನ್ಸ್‌ನ ಗುಡ್ಡ. ನಡುವಿನ ಬುಧವಾರ, ಗುರುವಾರ ಚುಕ್ಕೆ ಹೇಳಿದ ಕಡೆಯೇ ಇತ್ತು. ಹೀಗೆ ನಾಲ್ಕು ವಾರ, ಆರ್ನೆ. ಜಿಪಿಎಸ್ಸನ್ನು ಗಾಜಿನ ಹತ್ತಿರ ಇಟ್ಟೆ, ಗಾಜಿನಿಂದ ದೂರ ಇಟ್ಟೆ, ಬ್ಯಾಟರಿ ಬದಲಾಯಿಸಿದೆ, ತಂತಿಗೆ ಬೆಳ್ಳಿ ಬಣ್ಣದ ಟೇಪು ಸುತ್ತಿದೆ. ಪ್ರತಿ ಸಲ ಮಾವ ಮನೆಗೆ ಬಂದಾಗ ಮೀನು ಸಿಕ್ಕಿತೇ ಎಂದು ಕೇಳುವುದು, ಅವರು ನನ್ನ ಮುಖ ನೋಡಿ ಸಿಕ್ಕಿತು ಎನ್ನುವುದು. ಆ ಮೀನು ಮೊದಲೇ ಸೀಳಿ ತೊಳೆದಿರುತ್ತಿತ್ತು, ಜೊತೆಗೆ ಅದು ಗಾಳಕ್ಕೆ ಬೀಳುವ ಜಾತಿಯೂ ಅಲ್ಲ, ಬಲೆಯವರು ಕೊಲ್ಲಿಯಲ್ಲಿ ಹಿಡಿಯುವ ಬಿಳಿ ಮೀನು. ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು, ತಿಂದೆನೇ ಹೊರತು ನೋಡಲಿಲ್ಲ. ತಂತಿಯ ಮೇಲೇ ಕಣ್ಣಿಟ್ಟವಳಿಗೆ ತಟ್ಟೆಯಲ್ಲಿರುವುದು ಕಾಣುತ್ತದೆಯೇ?

ಕೊನೆಗೆ ಮೇ ಮೂವತ್ತೊಂದರ ಶನಿವಾರ ರೇಡಿಯೋ ಕ್ಲಬ್ಬಿನ ಡೆಲ್ಬರ್ಟ್ ಟ್ರೆಸ್ಕನನ್ನು ಕರೆದೆ. ಫೋನ್ ಕಂಪನಿಯಲ್ಲಿ ಕಂಬ ಹತ್ತಿ ನಿವೃತ್ತನಾದ ಮೇಲೆ ಅವನಿಗೂ ಊರವರ ತಂತಿ ನೋಡುವುದೇ ಕೆಲಸ. ಮಾವ ಮಲಗಿದ್ದ ಹೊತ್ತಿನಲ್ಲಿ ನಾವಿಬ್ಬರೂ ಪಿಕಪ್ಪಿನಲ್ಲಿ ಊರೆಲ್ಲ ಸುತ್ತಿದೆವು. ಅವನು ತನ್ನ ಮನೆಯ ಮುಂದೆ ನಿಂತು, ಸ್ಮಶಾನದ ಮುಂದೆ ನಿಂತು, ಲಾ ಬೆಲ್ ಕೆರೆಯ ದಂಡೆಗೇ ಹೋಗಿ ನಿಂತು ಸಮಯ ಬರೆದುಕೊಂಡ. ಮನೆಗೆ ಬಂದು ನಕ್ಷೆಯ ಜೊತೆ ಹೋಲಿಸಿದರೆ ಒಂದು ಗಜವೂ ಆಚೀಚೆ ಇಲ್ಲ. ನನ್ನ ಬೆಸುಗೆ ನೋಡಿ, “ನನ್ನದಕ್ಕಿಂತ ಚೆನ್ನಾಗಿದೆ” ಅಂದ. ಹಾಗಾದರೆ ಮಂಗಳವಾರ, ಶುಕ್ರವಾರ ಮಾತ್ರ ಯಾಕೆ ಕೆಡುತ್ತದೆ ಎಂದು ಕೇಳಿದೆ. ಅವನು ಕಾಫಿಗೆ ಸಕ್ಕರೆ ಹಾಕಿದ, ಕಲಕಿದ, ಮತ್ತೂ ಕಲಕಿದ. ಆಮೇಲೆ ನನ್ನ ಕಡೆ ನೋಡದೆಯೇ, “ಸಿಲ್ವಿ, ಯಂತ್ರಕ್ಕೆ ಇವತ್ತು ಯಾವ ವಾರ ಅಂತ ಗೊತ್ತಿರಲ್ಲ. ಮನುಷ್ಯರಿಗೆ ಗೊತ್ತಿರತ್ತೆ” ಅಂದ.

ಅಷ್ಟು ಹೇಳಿ ಎದ್ದು ಹೋದ.  ಮೊದಲು ಅನಿಸಿದ್ದು ಮಾವನಿಗೆ ಮರೆವು ಹಿಡಿಯಿತೇ ಎಂದು. ಕೆರೆಗೆ ಹೋಗುತ್ತೇನೆ ಎಂದುಕೊಂಡೇ ಬೇರೆಲ್ಲೋ ಹೋಗಿ ಎರಡು ಗಂಟೆ ಎಲ್ಲಿದ್ದೇನೆಂದು ತಿಳಿಯದೆ ಕೂತಿರುತ್ತಾರೇನೋ. ಆದರೆ ಮರೆವಿನವರು ವಾರ ತಪ್ಪದೆ, ಒಂದೇ ಗುಡ್ಡಕ್ಕೆ, ಒಂದೇ ಹೊತ್ತಿಗೆ ಹೋಗುತ್ತಾರೆಯೇ? ಹಾಗಾದರೆ ಯಾವಳೋ ಒಬ್ಬ ಹೆಂಗಸಿರಬೇಕು ಅನಿಸಿತು. ಎಪ್ಪತ್ತೇಳು ವರ್ಷಕ್ಕೆ, ಅದೂ ನಮ್ಮ ಮಾವ! ಆಮೇಲೆ, ಇರಲಿ ಬಿಡು, ಅತ್ತೆ ಹೋಗಿ ಒಂಬತ್ತು ವರ್ಷವಾಯಿತು, ನನಗೇನು ಹಕ್ಕು ಎಂದುಕೊಂಡೆ. ಮತ್ತೆ ಡಾಕ್ಟರರ ವಿಷಯ ಹೊಳೆಯಿತು, ಏನೋ ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು. ಪಾತ್ರೆ ತೊಳೆಯುತ್ತ ಒಂದು ನಂಬಿದರೆ ಒರೆಸುತ್ತ ಇನ್ನೊಂದು ನಂಬುತ್ತಿದ್ದೆ. ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಇಷ್ಟು ದಿನ ಕದ್ದು ನೋಡುತ್ತಿದ್ದೆ ಎಂದಾಗುತ್ತದಲ್ಲ. ಮೊನ್ನೆ ಶುಕ್ರವಾರ ಅವರು ಹೊರಟ ಮೇಲೆ ನಕ್ಷೆ ನೋಡುತ್ತ ಕೂತೆ. ಚುಕ್ಕೆ ಗುಡ್ಡದ ಮೇಲೆ ನಿಂತದ್ದೇ ತಡ, ಡೆಲ್ಬರ್ಟನ ಕಾರು ಕೇಳಿ ತಂದು ಹಿಂದೆಯೇ ಹೊರಟೆ. ದಾರಿಯುದ್ದಕ್ಕೂ ವಾಪಸ್ ತಿರುಗಿಸೋಣ ಎಂದು ಎಷ್ಟು ಸಲ ಅನಿಸಿತೋ.

ಗುಡ್ಡದ ಮೇಲೆ ಒಂದಂತಸ್ತಿನ ಉದ್ದನೆಯ ಕಟ್ಟಡ, ಕೊಲ್ಲಿಯ ಕಡೆಗೆ ಕಿಟಕಿಗಳು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ನಮ್ಮ ಪಿಕಪ್ ಬಾಗಿಲ ಹತ್ತಿರವೇ ನಿಂತಿತ್ತು. ಒಳಗೆ ಮೇಜಿನ ಹಿಂದಿದ್ದ ನರ್ಸಮ್ಮ ನನ್ನ ಹೆಸರು ಕೇಳಿದಳು. ನಮ್ಮ ಮನೆತನದ ಹೆಸರು ಹೇಳಿದ ಕೂಡಲೇ ಅವಳ ಮುಖ ಅರಳಿತು. “ಓನ್ನಿಯವರ ಕಡೆಯವರಾ? ಹೋಗಿ, ಅವರ ಅಣ್ಣ ಒಳಗಿದ್ದಾರೆ” ಅಂದಳು. ಯಾರ ಅಣ್ಣ, ಯಾವ ಓನ್ನಿ ಎಂದು ನಾನು ಆ ಉದ್ದನೆಯ ಕಾರಿಡಾರಿನಲ್ಲಿ ಅರ್ಧ ನಡೆಯುವವರೆಗೂ ನನಗೆ ಹೊಳೆಯಲಿಲ್ಲ. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿದ್ದು ಎರಡೇ ಸಲ. ಒಂದು ಸಲ ಅತ್ತೆ ಹಳೆಯ ಫೋಟೋ ತೋರಿಸಿ, ಯಾರೋ ಬಂದರೆಂದು ತಟ್ಟನೆ ಮುಚ್ಚಿದಾಗ. ಇನ್ನೊಂದು ಸಲ ನೀನು, ನಮಗೆ ಮದುವೆಯಾದ ವರ್ಷ, ಚಿಕ್ಕಪ್ಪ ಒಬ್ಬರಿದ್ದರು, ಗಣಿ ಮುಷ್ಕರದ ವರ್ಷದಿಂದ ಇಲ್ಲ ಎಂದು ಹೇಳಿದಾಗ. ‘ಇಲ್ಲ’ ಎಂದರೆ ಸತ್ತಿದ್ದಾರೆ ಎಂದು ನಾನು ಅರ್ಥಮಾಡಿಕೊಂಡಿದ್ದೆ. ನೀನು ಹಾಗೆ ಹೇಳಿರಲಿಲ್ಲ, ಅಲ್ಲವೇ?

ಬಾಗಿಲು ತೆರೆದಿತ್ತು. ಹಾಸಿಗೆಯಲ್ಲಿ ಮಾವನದೇ ಮೂಗು, ಮಾವನದೇ ಹಣೆ, ಆದರೆ ಮೈಯೆಂಬುದು ಹೊದಿಕೆಯ ಕೆಳಗೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಾದ ಮನುಷ್ಯ. ಗಂಟಲಿಗೆ ಬಿಳಿ ಬಟ್ಟೆ. ಮಾವ ಒಂದು ಮೋಟು ಸ್ಟೂಲಿನ ಮೇಲೆ ಕೂತಿದ್ದರು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು. ಅವರ ಎಡ ಅಂಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು, ಆ ಅಂಗೈಯಲ್ಲಿ ತಮ್ಮನ ತೋರುಬೆರಳು ನಡುಗುತ್ತಿತ್ತು. ಪಾಪ, ಎಷ್ಟು ನಡುಕ ಎಂದುಕೊಂಡೆ. ಆಮೇಲೆ ಮಾವನ ತುಟಿ ಸಣ್ಣಗೆ ಅಲುಗುವುದು ಕಂಡಿತು, ಓದಲು ಕಲಿಯುವ ಮಕ್ಕಳ ತುಟಿಯ ಹಾಗೆ. ನಡುಕವಲ್ಲ ಅದು. ಚುಕ್ಕೆ, ಗೆರೆ, ಚುಕ್ಕೆ. ಮೋರ್ಸ್. ಬೆರಳು ನಿಂತಾಗ ಮಾವ ನಕ್ಕರು. ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ತಿರುಗಿ ನನ್ನನ್ನು ಕಂಡರು. ಬೆಚ್ಚಿಬೀಳಲಿಲ್ಲ.

“ಬಂದ್ಯಾ” ಅಂದರು. “ಇಷ್ಟು ದಿನ ಯಾಕೆ ಬರಲಿಲ್ಲ ಅಂದ್ಕೋತಿದ್ದೆ.” ನನಗೆ ಗೊತ್ತಿರಲಿಲ್ಲ ಮಾವ ಅಂದೆ. “ನಕ್ಷೇಲಿ ಕಾಣ್ತಿರಲಿಲ್ವಾ?” ಕಾಣುತ್ತಿತ್ತು, ತಂತಿ ಕೆಟ್ಟಿದೆ ಅಂದುಕೊಂಡೆ ಎಂದೆ.  ಮಾವ ತಮ್ಮನ ಅಂಗೈ ಎಳೆದುಕೊಂಡು ಅದನ್ನೇ ಕುಟ್ಟಿ ಹೇಳಿದರು. ಓನ್ನಿ ಚಿಕ್ಕಪ್ಪನ ಭುಜ ಎರಡೂ ಅಲುಗಿದವು. ಧ್ವನಿಯಿಲ್ಲದ ನಗು ಹಾಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೆಮ್ಮು ಬಂತು, ನರ್ಸಮ್ಮ ನಮ್ಮನ್ನು ಹೊರಗೆ ಕಳಿಸಿದಳು.

ಹೊರಗಿನ ಬೆಂಚಿನ ಮೇಲೆ ಮಾವ ಎಲ್ಲ ಹೇಳಿದರು. ಎಲ್ಲ ಎಂದರೆ ಅವರು ಹೇಳುವಷ್ಟು. ಮುಷ್ಕರದಲ್ಲಿ ಎಲ್ಲರೂ ಹೊರಗೆ ನಿಂತಾಗ ಓನ್ನಿ ಚಿಕ್ಕಪ್ಪ ಗಣಿಗೆ ಇಳಿದರಂತೆ, ನೀರು ತುಂಬದ ಹಾಗೆ ಪಂಪು ನಡೆಸಲು. ಗಣಿ ಮುಳುಗಿದರೆ ಮುಷ್ಕರ ಗೆದ್ದರೂ ಇಳಿಯಲು ಜಾಗವಿರುವುದಿಲ್ಲ ಎಂದು ಅವರ ವಾದ. ಮಾವನ ವಾದ ಒಂದೇ ಮಾತಿನದು: ಮುಷ್ಕರದ ಗೆರೆ ದಾಟಿದವನು ತಮ್ಮನಲ್ಲ. ಆಮೇಲೆ ಗಣಿಯೂ ಹೋಯಿತು, ಮುಷ್ಕರವೂ ಹೋಯಿತು, ಮಾತು ಮಾತ್ರ ಉಳಿಯಿತು. ಇಬ್ಬರೂ ಹುಡುಗರಾಗಿದ್ದಾಗ ಒಂದೇ ರೇಡಿಯೋ ಕಟ್ಟಿದವರು, ಸಂಕೇತ ಕುಟ್ಟುವ ಒಂದೇ ಕೀಲಿಯ ಮೇಲೆ ಮೋರ್ಸ್ ಕಲಿತವರು. ಇಷ್ಟು ವರ್ಷವೂ ಇಬ್ಬರೂ ರೇಡಿಯೋದಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ, ಉತ್ತರ ಕೊಡುತ್ತಿರಲಿಲ್ಲವಂತೆ. ಈ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮಾವನ ಕಿವಿಗೆ ಆ ಕೈ ಕುಟ್ಟುವ ಸದ್ದು ಬಿತ್ತು. “ನಾಲ್ಕು ಅಕ್ಷರ ಕೇಳೋಷ್ಟರಲ್ಲಿ ಗೊತ್ತಾಯ್ತು ಅವನದೇ ಕೈ ಅಂತ. ಆದ್ರೆ ಕುಂಟುತಿತ್ತು. ಅವನ ಕೈ ಯಾವತ್ತೂ ಕುಂಟಿದ್ದಲ್ಲ.” ಉತ್ತರ ಕೊಟ್ಟರಂತೆ. ಹತ್ತು ದಿನ ಬೆಳಿಗ್ಗೆ ಮಾತಾಡಿದರಂತೆ, ಮೊದಮೊದಲು ಹವಾಮಾನ, ಮೀನು, ಅಷ್ಟೇ. ಆಮೇಲೆ ಗಂಟಲಿನ ಹುಣ್ಣು, ಶಸ್ತ್ರಚಿಕಿತ್ಸೆ, ಧ್ವನಿ ಹೋದದ್ದು, ಈ ಗುಡ್ಡದ ಮನೆ ಸೇರಿದ್ದು, ಇದನ್ನೆಲ್ಲ ಒಂದೊಂದೇ ಅಕ್ಷರವಾಗಿ ಕೇಳಿದರಂತೆ. ಹನ್ನೊಂದನೆಯ ದಿನ ಆ ಕಡೆ ಮೌನ. ಕೀಲಿ ಒತ್ತುವ ಶಕ್ತಿಯೂ ಹೋಗಿತ್ತು. ಆಗ ಪಿಕಪ್ ಹತ್ತಿದರು.

ಯಾಕೆ ಮಾವ, ನನಗೆ ಹೇಳಬಹುದಿತ್ತಲ್ಲ, ಕೆರೆ, ಮೀನು ಅಂತೆಲ್ಲ ಯಾಕೆ ಎಂದು ಕೇಳಿದೆ. ಟೋಪಿಯ ಅಂಚನ್ನು ಬೆರಳಿನಲ್ಲಿ ಸುತ್ತಿಸುತ್ತ, “ಮೂವತ್ತೈದು ವರ್ಷ ಆ ಹೆಸರು ಬಾಯಿಗೆ ತಂದಿಲ್ಲ ಸಿಲ್ವಿ. ತರೋಣ ಅಂದ್ರೂ ಬರಲಿಲ್ಲ. ಡಬ್ಬಿ ಹೇಳತ್ತಲ್ಲ, ಅದೇ ಹೇಳ್ಲಿ ಅಂತ ಬಿಟ್ಟೆ. ನೀನು ದಿನಾ ಮೀನು ಸಿಕ್ತಾ ಅಂತ ಕೇಳ್ತಿದ್ದೆ. ಗೊತ್ತಿದ್ದೂ ಮರ್ಯಾದೆ ಉಳಿಸ್ತಿದೀಯ, ಒಳ್ಳೆ ಹುಡುಗಿ ಅಂದ್ಕೊಂಡೆ” ಅಂದರು.

ಆರ್ನೆ, ನನಗೆ ನಗು ಬರಬೇಕಿತ್ತೋ ಅಳು ಬರಬೇಕಿತ್ತೋ ಇವತ್ತಿಗೂ ತಿಳಿಯುತ್ತಿಲ್ಲ. ಆ ಮನುಷ್ಯ ತನ್ನ ಜೀವನದಲ್ಲಿ ಹೇಳಲಾಗದ ಒಂದೇ ಒಂದು ಮಾತನ್ನು ಎರಡೆರಡು ನಿಮಿಷಕ್ಕೊಮ್ಮೆ ನನಗೆ ಹೇಳುತ್ತಿದ್ದರು. ನಾನು ಬೆಸುಗೆ ಕಡ್ಡಿ ಕಾಯಿಸುತ್ತಿದ್ದೆ. ಕೋಪವೂ ಇದೆ, ಯಾರ ಮೇಲೆ ಎಂದು ಗೊತ್ತಿಲ್ಲ. ಇಲ್ಲಿಂದ ಐವತ್ತು ಮೈಲಿ ದೂರದಲ್ಲಿ ನಮ್ಮ ಮನೆಯವರೊಬ್ಬರಿದ್ದರು, ಇಪ್ಪತ್ತೆರಡು ಕ್ರಿಸ್‌ಮಸ್ ಹೋದವು, ಒಂದು ಕಾರ್ಡೂ ಹಾಕಲಿಲ್ಲ ನಾನು. ನನಗೆ ತಿಳಿಸಬೇಕಾದವರಲ್ಲಿ ನೀನೂ ಒಬ್ಬ. ಆದರೆ ನಿನಗಾದರೂ ಎಷ್ಟು ಗೊತ್ತಿತ್ತೋ, ಹನ್ನೆರಡು ವರ್ಷದವನಿಗೆ ಯಾರು ಏನು ಹೇಳಿರುತ್ತಾರೋ. ನಿನ್ನೆ ಸೌನಾಕ್ಕೆ ಬೆಂಕಿ ಹಾಕುವಾಗ ಮಾವನ ಮೇಲೆ ರೇಗಬೇಕೆಂದು ಹೋದವಳು ಅವರಿಗೆ ಹೊಸ ಟವೆಲ್ಲು ಕೊಟ್ಟು ಬಂದೆ. ಹೀಗಿದೆ ನನ್ನ ಸ್ಥಿತಿ.

ಉಳಿದಂತೆ ಇಲ್ಲಿ ಲುಪಿನ್ ಹೂವು ಬಿಟ್ಟಿವೆ, ಸೊಳ್ಳೆಯೂ ಎದ್ದಿದೆ. ಛಾವಣಿಯ ಸೋರಿಕೆಗೆ ತೇಪೆ ಹಾಕಿಸಿದೆ. ಡೆಲ್ಬರ್ಟ್ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ. ಅವನಿಗೆ ಪೂರ್ತಿ ಕಥೆ ಹೇಳಿಲ್ಲ, ಅರ್ಧ ಅವನೇ ಊಹಿಸಿದ್ದಾನೆ. ರಾತ್ರಿ ಪಾಳಿ ಮುಗಿಸಿದ ಮೇಲೆ ನಿದ್ದೆ ಮಾಡು, ಇಸ್ಪೀಟು ಆಡುತ್ತ ಕೂರಬೇಡ. ಸುಪೀರಿಯರ್ ಸರೋವರ ನಿನ್ನನ್ನು ಸುಮ್ಮನೆ ದಾಟಲು ಬಿಡಲಿ. ದಿನಾ ಬೆಳಿಗ್ಗೆ ಕಿಟಕಿ ತೆರೆದಾಗ ನೀರಿನ ಕಡೆ ನೋಡಿ ನಿನಗೆ ಒಳ್ಳೆಯದನ್ನೇ ಕೋರುತ್ತೇನೆ.

ನಿನ್ನವಳೇ ಆದ,
ಸಿಲ್ವಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಬಂದು ಬಾಗಿಲಲ್ಲಿ ನಿಂತರು. ಆರ್ನೆಗೆ ಬರೀತಿದೀಯಾ ಎಂದು ಕೇಳಿದರು. ಹೌದು ಅಂದೆ. ಹೋಗಲಿಲ್ಲ. ಆದ್ದರಿಂದ ಇದನ್ನು ಅವರ ಎದುರಿಗೇ ಅವಸರದಲ್ಲಿ ಬರೆಯುತ್ತಿದ್ದೇನೆ. ಓನ್ನಿ ಚಿಕ್ಕಪ್ಪನಿಗೆ ಈ ತಿಂಗಳ ಕೊನೆಯವರೆಗೆ ಎಂದು ಡಾಕ್ಟರು ಹೇಳಿದ್ದಾರೆ. ಮಾವ ಹೋದಾಗಲೆಲ್ಲ ಅವರು ಕೇಳುವುದು ನಿನ್ನನ್ನೇ. ಮುಷ್ಕರದ ವರ್ಷ ಸಹಕಾರಿ ಅಂಗಡಿಯ ಮುಂದೆ ನಿನ್ನನ್ನು ಕೂಗಿ ಕರೆದರಂತೆ, ನೀನು ಮುಖ ತಿರುಗಿಸಿ ಕಿಟಕಿಯ ಗಾಜನ್ನೇ ನೋಡುತ್ತ ನಿಂತೆಯಂತೆ. ಹುಡುಗನಿಗೆ ಇನ್ನೂ ಸಿಟ್ಟಿದೆಯಾ ಎಂದು ಮೂರು ಸಲ ಕೇಳಿದ್ದಾರೆ. ಮಾವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ಅವತ್ತು ತಿರುಗಿದ್ದು ನಿನ್ನ ಮುಖ ಅಲ್ಲ ಮಗನೇ, ನಿನ್ನ ಕತ್ತು ಹಿಡಿದು ತಿರುಗಿಸಿದ್ದು ನಾನು. ಅವನಿಗೆ ಅದನ್ನ ನಾನು ಹೇಳಿದ್ರೆ ಸಾಲದು. ನೀನು ಬರಬೇಕು.”

ಹಡಗಿನ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಹದಿನೇಳಕ್ಕೆ ನೀವು ಮಾರ್ಕ್ವೆಟ್‌ನಲ್ಲಿ ಅದಿರು ತುಂಬಿಸಿಕೊಳ್ಳುತ್ತೀರಂತೆ, ಏಳೆಂಟು ಗಂಟೆ ನಿಲ್ಲುತ್ತೀರಂತೆ. ಲಾನ್ಸ್‌ಗೆ ಹೋಗಿ ಬರಲು ಮೂರು ಗಂಟೆ ಸಾಕು. ಕ್ಯಾಪ್ಟನ್ನನ್ನು ಇವತ್ತೇ ಕೇಳಿಟ್ಟುಕೋ. ಬಂದರಿನ ಗೇಟಿನ ಹತ್ತಿರ ಬೆಳಿಗ್ಗೆಯಿಂದಲೇ ಕಾರಿಟ್ಟುಕೊಂಡು ಕಾಯುತ್ತೇನೆ. ಏನು ಮಾತಾಡಲಿ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಳ್ಳಬೇಡ. ನೀನು ಐದು ವರ್ಷದವನಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಹೆಸರನ್ನು ಮೋರ್ಸ್‌ನಲ್ಲಿ ಕುಟ್ಟಲು ಕಲಿಸಿದವರು ಅವರೇ ಅಂತೆ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಅಷ್ಟು ನೆನಪಿದ್ದರೆ ಸಾಕು, ಅಂಗೈಯಲ್ಲಿ ಅದನ್ನು ಕುಟ್ಟು.